ಗಾಜಿನಕ್ಕನೂ ಖಂಡಿಸಲು ಬಂದ ನೆಂಟರೂ

ನಮ್ಮ ಊರಿನಲ್ಲಿ ನನ್ನ ಅಕ್ಕನ ಬಾಯಿಗೆ ಹೆದರದವರಿಲ್ಲ. ಕಿಟಕಿಗೆ ಗಾಜು ಹಾಕಿಸಬೇಕೆಂದು ಅಂಗಡಿಗೆ ಬಂದವರು ಮೊದಲು ಬೈಸಿಕೊಳ್ಳಬೇಕು, ಆಮೇಲೆ ಅಳತೆ ಹೇಳಬೇಕು. ಸಿಟ್ಟಿನಲ್ಲಿ ಬಾಗಿಲು ಬಡಿದು ಗಾಜು ಒಡೆದ ಗಂಡಂದಿರಿಗೆ ಒಂದು ಬಗೆಯ ಬೈಗುಳ, ಚೆಂಡು ಹೊಡೆದ ಮಕ್ಕಳ ಅಪ್ಪಂದಿರಿಗೆ ಇನ್ನೊಂದು ಬಗೆ. ಬೈದು ಮುಗಿಸಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬೈಸಿಕೊಂಡವರಿಗಿಂತ ಮೊದಲೇ ಅವರ ಮನೆ ಮುಟ್ಟುತ್ತಿದ್ದಳು. ಊರಿಗೆಲ್ಲ ಅವಳು ಗಾಜಿನಕ್ಕ. ಹೆತ್ತವರು ಇಟ್ಟ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಈ ಕೆಲಸ ಅವಳಿಗೆ ಬಂದದ್ದು ಮದುವೆಯಾಗಿ ಹೋದ ಮನೆಯಿಂದ. ಅವಳ ಮಾವ ಗಾಜು ಕೂರಿಸುವವರು. ಭಾವ ಬಂಗಾರದಂಥ ಮನುಷ್ಯ, ಆದರೆ ಏಣಿಯ ಎರಡನೇ ಮೆಟ್ಟಿಲಿಗೇ ಅವರ ಕಾಲು ನಡುಗುತ್ತಿತ್ತು. ಮಗನನ್ನು ನೋಡಿ ನೋಡಿ ಬೇಸತ್ತ ಮಾವ ಒಂದು ದಿನ ಗಾಜು ಕೊಯ್ಯುವ ಕಟರನ್ನು ಸೊಸೆಯ ಕೈಗೆ ಕೊಟ್ಟರು. ಅಂದಿನಿಂದ ಅಕ್ಕ ಏಣಿಯ ಮೇಲೆ, ಭಾವ ಏಣಿ ಹಿಡಿದುಕೊಂಡು ಕೆಳಗೆ. ಬೀದಿಯವರು ಆಡಿಕೊಂಡರು. ಬೀಳುವುದು ಮೇಲಿರುವವರೇ ತಾನೇ, ಕೆಳಗಿರುವವನೇ ಬುದ್ಧಿವಂತ ಎಂದು ಭಾವ ಅವರ ಜೊತೆ ಸೇರಿ ತಾವೂ ನಗುತ್ತಿದ್ದರು. ಅವರು ಜ್ವರ ಬಂದು ತೀರಿಕೊಂಡ ಮೇಲೆ ಏಣಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಅದು ಮುಗಿದ ಮೇಲೆ ಅಕ್ಕನ ಕೆಲಸ. ಅವಳಿಗೆ ಮಕ್ಕಳಿಲ್ಲ. ನನಗೆ ಒಬ್ಬಳೇ ಮಗಳು, ಅವಳನ್ನು ನಾನು ಹೆತ್ತೆ ಅನ್ನುವುದನ್ನು ಬಿಟ್ಟರೆ ಸಾಕಿದ್ದೆಲ್ಲ ಅವಳ ದೊಡ್ಡಮ್ಮನೇ. ಶಾಲೆಗೆ ಸೇರಿಸಿದವಳೂ ಅವಳೇ, ಮದುವೆಗೆ ಗಂಡು ನೋಡಿದವಳೂ ಅವಳೇ, ಆ ಗಂಡಿಗೆ ಮೊದಲ ದಿನವೇ ಬಾಗಿಲು ನಿಧಾನಕ್ಕೆ ಹಾಕಬೇಕೆಂದು ಬೈದವಳೂ ಅವಳೇ.

ಗಾಜು ನದಿಯಾಚೆಯಿಂದ ಬರುತ್ತಿತ್ತು. ಆಚೆ ದಡ ಪಕ್ಕದ ದೇಶ, ಅಲ್ಲೊಂದು ಗಾಜಿನ ಕಾರ್ಖಾನೆ. ಅಲ್ಲಿಯ ಮೇಸ್ತ್ರಿಗೂ ಅಕ್ಕನಿಗೂ ಫೋನಿನಲ್ಲೇ ಜಗಳ, ಫೋನಿನಲ್ಲೇ ಸ್ನೇಹ. ಮೂಲೆ ಮುರಿದ ಹಾಳೆ ಬಂದರೆ ಇವಳು ಅವನ ವಂಶವನ್ನೆಲ್ಲ ಎಬ್ಬಿಸಿ ಬೈಯುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡು, ಮುಂದಿನ ಪೆಟ್ಟಿಗೆಯಲ್ಲಿ ಹುಲ್ಲಿನ ಮಧ್ಯೆ ಒಂದು ಹಾಳೆ ಹೆಚ್ಚಿಗೆ ಇಟ್ಟು ಕಳಿಸುತ್ತಿದ್ದ. ಭಾವ ಹೋದಾಗ ಸೇತುವೆ ದಾಟಿ ಬಂದು, ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತು ಹೋದವನು ಅವನು.

ಅದೇ ಸೇತುವೆಯ ಮೇಲೆ ಒಂದು ಬೆಳಿಗ್ಗೆ ಟ್ಯಾಂಕುಗಳು ಬಂದವು. ನಮ್ಮ ಸೈನಿಕರು ಸೇತುವೆಯನ್ನು ತಾವೇ ಉಡಾಯಿಸಿ ಅವುಗಳನ್ನು ತಡೆದರು. ಪಕ್ಕದ ದೇಶದವರು ಬೇರೆ ಕಡೆ ನದಿ ದಾಟಿ ಕೆಳಗಿನ ಜಿಲ್ಲೆಗಳನ್ನೆಲ್ಲ ನುಂಗಿದರು, ನಮ್ಮ ಊರಿನ ಎದುರು ಆಚೆ ದಡದಲ್ಲೇ ಠಿಕಾಣಿ ಹೂಡಿ ದಿನಾ ಶೆಲ್ ಹೊಡೆಯುತ್ತ ಕೂತರು. ಅವರು ಯಾಕೆ ನುಗ್ಗಿದರು ಎಂದು ನನ್ನನ್ನು ಕೇಳುವವರಿದ್ದಾರೆ. ಪಕ್ಕದ ಮನೆಯವನು ಗೋಡೆ ಒಡೆದು ನಮ್ಮ ಅಡುಗೆಮನೆಗೆ ನುಗ್ಗಿದರೆ ಅವನ ಕಾರಣ ವಿಚಾರಿಸುತ್ತ ಕೂರುವುದು ನಮ್ಮ ಕೆಲಸವಲ್ಲ. ಕಾರಣ ಬೇಕಾದವರು ಅವನನ್ನೇ ಕೇಳಲಿ, ನನ್ನ ತಲೆ ತಿನ್ನಬೇಡಿ.

ಫೋನು ಇನ್ನೂ ಬದುಕಿದ್ದ ಆ ಮೊದಲ ದಿನಗಳಲ್ಲಿ ಅಕ್ಕ ಮೇಸ್ತ್ರಿಗೆ ಫೋನ್ ಮಾಡಿದಳು. ಅವನು, ತನಗೂ ಬೇಜಾರಿದೆ, ಆದರೆ ದೊಡ್ಡವರ ವಿಚಾರ, ನಮ್ಮಂಥವರು ಏನು ಮಾಡಲಾದೀತು ಎಂದನಂತೆ. ಅಕ್ಕ ಬೈಯಲಿಲ್ಲ. ಅವಳು ಬೈಯದೆ ಫೋನ್ ಇಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೇಜಾರಿದೆಯಂತೆ, ಬೇಜಾರಿದೆಯಂತೆ ಎಂದು ದಿನವೆಲ್ಲ ಗೊಣಗಿದಳು. ಆಮೇಲೆ ಅವನ ಸುದ್ದಿ ಎತ್ತಲಿಲ್ಲ.

ಗಾಜಿನ ಊರು ನೋಡುನೋಡುತ್ತ ಪ್ಲಾಸ್ಟಿಕ್ಕಿನ ಊರಾಯಿತು. ಒಂದು ಶೆಲ್ ಬಿದ್ದರೆ ಇಡೀ ಬೀದಿಯ ಗಾಜು ಉದುರುತ್ತಿತ್ತು. ಅಕ್ಕ ಇದ್ದಷ್ಟು ಹಾಳೆಗಳನ್ನು ಕೊಯ್ದು ಕೊಯ್ದು ಹಾಕಿದಳು, ಹಾಕಿದ ಕಿಟಕಿಯೇ ವಾರದೊಳಗೆ ಮತ್ತೆ ಒಡೆದು ಹೋಗುತ್ತಿತ್ತು. ಹೊಸ ಗಾಜು ಎಲ್ಲಿಂದ ಬರಬೇಕು? ಬರುತ್ತಿದ್ದ ಕಡೆಯಿಂದ ಈಗ ಬೇರೆಯದೇ ಬರುತ್ತಿತ್ತು.

ಅಷ್ಟರಲ್ಲಿ ಜಗತ್ತು ಖಂಡಿಸಲು ಶುರು ಮಾಡಿತ್ತು. ಅಂಗಡಿಯ ರೇಡಿಯೊದಲ್ಲಿ ದಿನಾ ಅದೇ ಸುದ್ದಿ. ಮೊದಲು ಜಗತ್ತಿಗೆ ಕಳವಳವಾಯಿತು. ಕೆಳಗಿನ ಜಿಲ್ಲೆ ಹೋದಾಗ ತೀವ್ರ ಕಳವಳವಾಯಿತು. ಶಾಲೆಯ ಮೇಲೆ ಶೆಲ್ ಬಿದ್ದಾಗ ಖಂಡನೆ, ಮಾರುಕಟ್ಟೆಯ ಮೇಲೆ ಬಿದ್ದಾಗ ಉಗ್ರ ಖಂಡನೆ. ದೂರದ ದೊಡ್ಡ ಕಟ್ಟಡದಲ್ಲಿ ಎಲ್ಲ ದೇಶದವರೂ ಸೇರಿ ಕೈ ಎತ್ತಿದರಂತೆ, ಆಕ್ರಮಣ ತಪ್ಪು ಎಂದು ಠರಾವು ಮಾಡಿದರಂತೆ, ಅತ್ಯಂತ ಕಠಿಣ ಶಬ್ದಗಳಲ್ಲಿ ಖಂಡಿಸಿದರಂತೆ. ಅಂಗಡಿಯ ಮುಂದೆ ಕಿಟಕಿಗೆ ಹೊಡೆಯುವ ಪ್ಲಾಸ್ಟಿಕ್ಕಿಗಾಗಿ ನಿಂತಿದ್ದವರೆಲ್ಲ ಅದನ್ನು ಕೇಳಿ ತಲೆದೂಗಿದರು. ಆ ಶಬ್ದಗಳು ಅಷ್ಟು ಗಟ್ಟಿಯಾಗಿದ್ದರೆ ಒಂದೆರಡು ಇಲ್ಲಿಗೆ ಕಳಿಸಲಿ, ಕಿಟಕಿಗೆ ಕೂರಿಸುತ್ತೇನೆ ಎಂದಳು ಅಕ್ಕ. ಎಲ್ಲರೂ ನಕ್ಕರು. ನನಗೂ ನಗು ಬಂತು.

ಚಳಿ ಬಲಿಯುವ ಹೊತ್ತಿಗೆ ನನ್ನ ಮಗಳಿಗೆ ಹೆರಿಗೆ ನೋವು ಬಂತು. ದಿನ ತುಂಬಿರಲಿಲ್ಲ. ಅಳಿಯ ಸೈನ್ಯದಲ್ಲಿದ್ದ, ಎಲ್ಲಿದ್ದಾನೆಂದು ಅವನ ಮೇಲಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಶೆಲ್ಲಿನ ಸದ್ದಿಗೆ ಬೆಚ್ಚಿ ಬೆಚ್ಚಿ ಮಗು ಬೇಗ ಬಂದುಬಿಟ್ಟಿತು ಎಂದು ಆಸ್ಪತ್ರೆಯ ಆಯಾ ಹೇಳಿದಳು, ಇರಬಹುದು. ಹೆಣ್ಣು ಮಗು, ಅಂಗೈ ಅಗಲ. ಅಳಲಿಕ್ಕೂ ಶಕ್ತಿಯಿಲ್ಲದೆ ಬಾಯಿ ಮಾತ್ರ ತೆರೆಯುತ್ತಿತ್ತು.

ದಿನ ತುಂಬದ ಮಕ್ಕಳ ವಾರ್ಡು ಆಸ್ಪತ್ರೆಯ ಮಹಡಿಯಲ್ಲಿತ್ತು. ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಕಡಿಮೆ, ಮಕ್ಕಳು ಹೆಚ್ಚು. ಪೆಟ್ಟಿಗೆ ಸಿಗದ ಮಕ್ಕಳನ್ನು ತಾಯಂದಿರು ಎದೆಗೆ ಕಟ್ಟಿಕೊಂಡು ಕೂತಿರುತ್ತಿದ್ದರು. ನನ್ನ ಮಗಳೂ ಹಾಗೇ, ಮಂಚದ ಮೇಲೆ ಬಗ್ಗಿ, ಉಸಿರು ಬಿಡಲೂ ಹೆದರಿಕೊಂಡು ಕೂತಿದ್ದಳು. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್. ಗಾಳಿ ಬಂದಾಗ ಅದು ಪಟಪಟ ಹೊಡೆದುಕೊಳ್ಳುತ್ತಿತ್ತು, ಹೀಟರಿನ ಬಿಸಿಯೆಲ್ಲ ಅದರ ಸಂದಿಯಿಂದ ಬೀದಿಗೆ ಹೋಗುತ್ತಿತ್ತು. ನಾನು ಒಗೆದ ಬಟ್ಟೆಗಳನ್ನು ಬಿಸಿ ಮಾಡಿ ಮಾಡಿ ತಂದು ಮಗಳ ಬೆನ್ನಿಗೆ ಹಾಕುತ್ತಿದ್ದೆ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಸುತ್ತಿ ಬಳಸದೆ ಹೇಳಿದರು.

"ಔಷಧಿ ಇದೆ, ಕೊಡ್ತೀನಿ. ಆದ್ರೆ ಈ ಕೋಣೆ ಹೀಗೇ ತಣ್ಣಗಿದ್ರೆ ಔಷಧಿಯಿಂದ ಏನೂ ಆಗಲ್ಲಮ್ಮ. ಮಗು ಉಳೀಬೇಕು ಅಂದ್ರೆ ಕಿಟಕಿ ಮುಚ್ಚಬೇಕು."

ಅಕ್ಕನ ಹತ್ತಿರ ಒಂದು ಪೆಟ್ಟಿಗೆ ಗಾಜು ಉಳಿದಿತ್ತು. ಕೊನೆಯದು. ಯಾರು ದಮ್ಮಯ್ಯ ಅಂದರೂ ಕೊಡದೆ ತನ್ನ ಮನೆಯ ಮೂಲೆಯಲ್ಲಿ ಹೊದಿಕೆ ಹೊದಿಸಿ ಇಟ್ಟಿದ್ದಳು. ನಾನು ಹೇಳಿದ ಕೂಡಲೇ ವಾರ್ಡಿಗೆ ಬಂದು, ಮಗುವಿನ ಮುಖವನ್ನೂ ಸರಿಯಾಗಿ ನೋಡದೆ, ಕಿಟಕಿಗಳನ್ನು ಅಳೆದಳು. ಮಗುವನ್ನು ಯಾಕೆ ನೋಡಲಿಲ್ಲ ಎಂದು ಮಗಳು ಕೇಳಿದಾಗ, ಬೆಚ್ಚಗಾದ ಮೇಲೆ ನೋಡುತ್ತೇನೆ ಎಂದಳು. ಮನೆಗೆ ಹೋಗಿ ಒಂದೇ ಏಟಿಗೆ ಎಲ್ಲವನ್ನೂ ಕೊಯ್ದಳು. ಸೀಮೆಸುಣ್ಣದ ಪುಡಿಗೆ ಎಣ್ಣೆ ಹಾಕಿ, ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯನ್ನು ನಾದಿ ಮೆದು ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಮರುದಿನ ಬೆಳಿಗ್ಗೆ ಕೂರಿಸುವುದು ಎಂದು ಮಾತಾಯಿತು.

ಆ ಸಂಜೆಯೇ ಪುರಸಭೆಯ ಅಧ್ಯಕ್ಷರು ಅಕ್ಕನ ಮನೆಗೆ ಬಂದರು.

ಅಧ್ಯಕ್ಷರು ಕೆಟ್ಟವರಲ್ಲ. ಊರು ಬಿಟ್ಟು ಓಡಿಹೋಗದೆ ನಿಂತವರು, ಅದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಊರಿನವರಿಗೆ ಒಂದು ಜಾಡ್ಯವಿದೆ. ನೆಂಟರು ಬರುತ್ತಾರೆ ಅಂದರೆ ಸಾಕು, ಮನೆಗೆ ಬೆಂಕಿ ಬಿದ್ದಿದ್ದರೂ ಮೊದಲು ಜಗಲಿ ಗುಡಿಸುತ್ತಾರೆ. ಹರಿದದ್ದನ್ನು ಒಳಗೆ ತಳ್ಳಿ, ಒಡೆದದ್ದಕ್ಕೆ ಬಟ್ಟೆ ಮುಚ್ಚಿ, ನಮಗೇನೂ ಕಮ್ಮಿಯಿಲ್ಲ ಎಂದು ನಗುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ಅಧ್ಯಕ್ಷರಿಗೆ ಆ ಜಾಡ್ಯ ತಲೆಗೇರಿತ್ತು. ಬೇರೆ ಬೇರೆ ದೇಶಗಳ ದೊಡ್ಡವರು ನಾಡಿದ್ದು ನಮ್ಮ ಊರಿಗೆ ಬರುತ್ತಾರಂತೆ, ಪುರಸಭೆಯ ಸಭಾಂಗಣದಲ್ಲಿ ನಿಂತು ಆಕ್ರಮಣವನ್ನು ಖಂಡಿಸುತ್ತಾರಂತೆ, ಅದನ್ನು ಜಗತ್ತೆಲ್ಲ ನೋಡುತ್ತದಂತೆ. ಅಂಥವರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸುವುದು ಹೇಗೆ? ಸಭಾಂಗಣವನ್ನೂ ಆಸ್ಪತ್ರೆಯನ್ನೂ ಒಬ್ಬನೇ ಕಂಟ್ರಾಕ್ಟರು ಕಟ್ಟಿದ್ದು, ಕಿಟಕಿಗಳೆಲ್ಲ ಒಂದೇ ಅಳತೆ. ಅಕ್ಕ ಕೊಯ್ದಿಟ್ಟ ಗಾಜು ಅಲ್ಲಿಗೆ ಸರಿಯಾಗಿ ಕೂರುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು.

ಅಕ್ಕ ಎದ್ದು ನಿಂತು ಶುರು ಮಾಡಿದಳು. ಆ ಹೊತ್ತು ಅವಳು ಆಡಿದ್ದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಅಧ್ಯಕ್ಷರು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಹೇಳಿದರು.

"ಗಾಜಿನಕ್ಕ, ಅವರು ನೆಮ್ಮದಿಯಾಗಿ ಕೂತು ಎದ್ದು ಹೋದ್ರೆ ಹಿಂದೆನೇ ಲಾರಿಗಟ್ಟಲೆ ಗಾಜು ಬರುತ್ತೆ. ವಾರ್ಡಿಗೆ ಅಷ್ಟೇ ಅಲ್ಲ, ಇಡೀ ಊರಿಗೆ. ಚಳೀಲಿ ನಡುಗಿಸಿ ಕಳಿಸಿದ್ರೆ ಯಾರು ಕೊಡ್ತಾರೆ? ಎರಡು ದಿನ ತಡ್ಕೊಳ್ಳಿ."

ಇಡೀ ಊರಿಗೆ ಎಂಬ ಮಾತಿಗೆ ಅಕ್ಕ ಸೋತಳು. ಊರಿನ ಪ್ರತಿ ಕಿಟಕಿಯೂ ಅವಳಿಗೆ ಗೊತ್ತು, ಯಾವ ಮನೆಯಲ್ಲಿ ಮುದುಕರಿದ್ದಾರೆ, ಯಾವ ಮನೆಯಲ್ಲಿ ಕೂಸಿದೆ ಎಲ್ಲ ಗೊತ್ತು. ನನ್ನ ಮುಖ ನೋಡಿದಳು. ನಾನು ಬೇಡ ಅನ್ನಬಹುದಿತ್ತು. ಲಾರಿ ಎಂದ ಕೂಡಲೇ ನನಗೂ ಲಾರಿಯೇ ಕಂಡಿತು.

ಮರುದಿನ ಬೆಳಗಿನಿಂದ ನಾವಿಬ್ಬರೂ ಸಭಾಂಗಣದಲ್ಲಿ. ಅಕ್ಕ ಪುಟ್ಟಿ ಮೆತ್ತುತ್ತ ಹಲ್ಲು ಕಡಿಯುತ್ತಿದ್ದಳು, ನಾನು ಏಣಿ ಹಿಡಿದುಕೊಂಡು ಆಸ್ಪತ್ರೆಯ ಕಡೆ ನೋಡುತ್ತಿದ್ದೆ. ನಮ್ಮ ಸುತ್ತ ಸಂಭ್ರಮವೋ ಸಂಭ್ರಮ. ಗೋಡೆಗೆ ಸುಣ್ಣ, ನೆಲಕ್ಕೆ ಜಮಖಾನ, ಯಾರದೋ ಮನೆಯ ಹೂವಿನ ಕುಂಡಗಳು, ಯಾರದೋ ಮನೆಯ ಒಳ್ಳೆಯ ಕುರ್ಚಿಗಳು. ಮಧ್ಯಾಹ್ನದ ಹೊತ್ತಿಗೆ ಮಗಳು ಆಯಾಳ ಕೈಯಲ್ಲಿ ಹೇಳಿ ಕಳಿಸಿದಳು, ಮಗುವಿನ ತುಟಿ ನೀಲಿಯಾಗಿದೆಯಂತೆ, ದೊಡ್ಡಮ್ಮ ಯಾವಾಗ ಬರುತ್ತಾಳಂತೆ. ಅಕ್ಕ ಇನ್ನೂ ಬೇಗ ಬೇಗ ಪುಟ್ಟಿ ಮೆತ್ತತೊಡಗಿದಳು. ಕೊನೆಯ ಗಾಜು ಕೂರಿಸಿ ಏಣಿ ಇಳಿದವಳು ಸೀದಾ ವಾರ್ಡಿಗೆ ಹೋಗಿ, ಕತ್ತಲಾಗುವವರೆಗೂ ಪ್ಲಾಸ್ಟಿಕ್ಕಿಗೆ ಇನ್ನೊಂದು ಪದರ ಹಾಕಿ ಮೊಳೆ ಹೊಡೆದಳು.

ನೆಂಟರು ಬರುವ ದಿನ ಬೆಳಿಗ್ಗೆ ಬೇಗ ಒಬ್ಬ ವ್ಯವಸ್ಥಾಪಕ ಬಂದ. ನೆಂಟರ ಕಡೆಯವನು. ಎಲ್ಲಿ ನಿಲ್ಲಬೇಕು, ಎಲ್ಲಿಂದ ಫೋಟೊ ತೆಗೆಯಬೇಕು ಎಂದು ಮುಂಚಿತವಾಗಿ ನೋಡಿ ಹೋಗುವುದು ಅವನ ಕೆಲಸ. ಜೊತೆಗೆ ನಮ್ಮ ಭಾಷೆ ಬಲ್ಲ ಒಬ್ಬ ದುಭಾಷಿ ಹುಡುಗಿ. ಅಧ್ಯಕ್ಷರು ಒಗೆದ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಕ್ಕ ಪುಟ್ಟಿಯ ಅಂಚು ತೀಡಲು ಬಂದಿದ್ದಳು, ನಾನು ಜೊತೆಗಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ನೋಡಿದೆ.

ವ್ಯವಸ್ಥಾಪಕ ಒಳಗೆ ಬಂದು ಸುತ್ತ ನೋಡಿದ. ಹೊಳೆಯುವ ಕಿಟಕಿಗಳನ್ನು ನೋಡಿದ, ಕುಂಡಗಳನ್ನು ನೋಡಿದ. ಅವನ ಮುಖ ಇಳಿಯಿತು. ದುಭಾಷಿಯ ಕಿವಿಯಲ್ಲಿ ಏನೋ ಹೇಳಿದ. ಹುಡುಗಿ ನಾಚಿಕೆಯಿಂದ ನೆಲ ನೋಡುತ್ತ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದಳು. ಇಲ್ಲಿ ಯುದ್ಧವೇ ಕಾಣಿಸುತ್ತಿಲ್ಲವಂತೆ. ಇಂಥ ಕೋಣೆಯಲ್ಲಿ ನಿಂತು ಖಂಡಿಸಿದರೆ ನೋಡುವವರಿಗೆ ಏನೂ ಅನ್ನಿಸುವುದಿಲ್ಲವಂತೆ. ನಿಂತವರ ಹಿಂದುಗಡೆ ಒಡೆದ ಕಿಟಕಿಗಳು ಕಾಣಬೇಕಂತೆ.

ಅಧ್ಯಕ್ಷರು ಬೆಪ್ಪಾಗಿ ನಿಂತರು. ನಿಂತ ಮನುಷ್ಯ ಆಮೇಲೆ ಏನು ಮಾಡಿದರು ಎಂದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅಕ್ಕನ ಕಡೆ ತಿರುಗಿ, ಧ್ವನಿ ತಗ್ಗಿಸಿ, ಬೀದಿಯ ಕಡೆಯ ಗಾಜುಗಳನ್ನಾದರೂ ಒಡೆದುಬಿಡಿ ಎಂದರು. ಸುತ್ತಿಗೆ ಇದೆಯಲ್ಲ, ಬೇಗ ಆಗುತ್ತದೆ ಎಂದರು.

ಅಕ್ಕನ ಕಿರುಚಾಟಕ್ಕೆ ನಾನು ಕಿವಿ ಗಟ್ಟಿ ಮಾಡಿಕೊಂಡೆ. ಅವಳು ಕಿರುಚಲಿಲ್ಲ.

"ಅದು ನನ್ನ ಕೆಲಸ ಅಲ್ಲ," ಎಂದಳು. "ಒಡೆಯೋರು ಆಚೆ ದಡದಲ್ಲಿದ್ದಾರೆ, ಚೆನ್ನಾಗಿ ಒಡೀತಾರೆ, ಅವರಿಗೇ ಹೇಳಿ."

ಅಷ್ಟು ಹೇಳಿ ಏಣಿಯನ್ನು ಮೊದಲ ಕಿಟಕಿಗೆ ಒರಗಿಸಿ ಹತ್ತಿದಳು. ಪುಟ್ಟಿ ಗಟ್ಟಿಯಾಗಲು ದಿನಗಳು ಬೇಕು. ನಿನ್ನೆ ಮೆತ್ತಿದ್ದು ಇನ್ನೂ ಹಸಿ, ಚಾಕು ಹಾಕಿದರೆ ಎದ್ದು ಬರುತ್ತಿತ್ತು. ಸಣ್ಣ ಮೊಳೆಗಳನ್ನು ಕಿತ್ತು, ಗಾಜನ್ನು ಇಡಿಯಾಗಿ ಬಿಡಿಸಿ ನನ್ನ ಕೈಗೆ ಕೊಟ್ಟಳು. ಒಂದಾದ ಮೇಲೆ ಒಂದು. ಯಾರೂ ತಡೆಯಲಿಲ್ಲ. ಬೋಳು ಚೌಕಟ್ಟುಗಳಿಂದ ಗಾಳಿ ನುಗ್ಗಿ ಕುಂಡದ ಹೂವು ಅಲ್ಲಾಡತೊಡಗಿದ್ದನ್ನು ನೋಡಿ ವ್ಯವಸ್ಥಾಪಕನಿಗೆ ಸಮಾಧಾನವೇ ಆಯಿತು. ನೆಲದ ಮೇಲೆ ಸ್ವಲ್ಪ ಒಡೆದ ಚೂರುಗಳಿದ್ದರೆ ಇನ್ನೂ ಒಳ್ಳೆಯದು ಎಂದನಂತೆ. ಪುರಸಭೆಯ ಜವಾನ ಹಿತ್ತಲ ಕಸದ ಗುಡ್ಡೆಯಿಂದ ಬುಟ್ಟಿ ತುಂಬ ಗಾಜಿನ ಚೂರು ತಂದು ಜಮಖಾನದ ಮೇಲೆ ಚೆಲ್ಲಿದ. ನಿಜವಾಗಿ ಒಡೆದ ಗಾಜನ್ನು ಅವನೇ ತಿಂಗಳುಗಟ್ಟಲೆ ಗುಡಿಸಿ ಗುಡಿಸಿ ಸಾಗಿಸಿದ್ದ. ಪಾಪ, ಅವನ ಮುಖ ನೋಡಲಾಗುತ್ತಿರಲಿಲ್ಲ.

ಹೊರಡುವ ಮೊದಲು ಅಕ್ಕ ದುಭಾಷಿಯನ್ನು ಲಾರಿ ಯಾವಾಗ ಬರುತ್ತದೆ ಎಂದು ಕೇಳಿದಳು. ಹುಡುಗಿ ಯಾವ ಲಾರಿ ಎಂದಳು. ವ್ಯವಸ್ಥಾಪಕನನ್ನು ಕೇಳಿ ನೋಡಿದಳು, ಅವನೂ ಯಾವ ಲಾರಿ ಎಂದ. ನಾವು ಅಧ್ಯಕ್ಷರ ಕಡೆ ನೋಡಿದೆವು. ಅವರು ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಲಾರಿಯ ಮಾತು ಯಾರೂ ಅವರಿಗೆ ಹೇಳಿದ್ದಲ್ಲ. ಒಳ್ಳೆಯ ಆತಿಥ್ಯ ಮಾಡಿದರೆ ಕೊಟ್ಟೇ ಕೊಡುತ್ತಾರೆ ಎಂದು ತಾವೇ ಅಂದುಕೊಂಡು, ಅಂದುಕೊಂಡದ್ದನ್ನೇ ನಂಬಿ, ನಮ್ಮನ್ನೂ ನಂಬಿಸಿದ್ದರು. ಅಕ್ಕ ಅವರನ್ನು ದಾಟಿ, ಗಾಜು ತಂದಿದ್ದ ನಮ್ಮ ತಳ್ಳುಗಾಡಿಯ ಕಡೆ ನಡೆದಳು. ಅವಳು ಬೈದಿದ್ದರೆ ಅವರಿಗೆ ಹಗುರಾಗುತ್ತಿತ್ತು.

ಗಾಜುಗಳ ಮಧ್ಯೆ ಹಳೆಯ ಚಾದರ ಹಾಕಿ, ಗುಂಡಿಬಿದ್ದ ಬೀದಿಯಲ್ಲಿ ಗಾಡಿಯನ್ನು ಹೆಜ್ಜೆ ಹೆಜ್ಜೆಗೂ ಎತ್ತಿ ಇಳಿಸಿ ಆಸ್ಪತ್ರೆಗೆ ತಂದೆವು. ವಾರ್ಡಿನ ತಾಯಂದಿರು ಮಕ್ಕಳನ್ನು ಎದೆಗವಚಿಕೊಂಡು ಜಾಗ ಬಿಟ್ಟರು. ಅಕ್ಕ ಪ್ಲಾಸ್ಟಿಕ್ ಹರಿದು ಹಾಕಿ ಒಂದೊಂದೇ ಕೂರಿಸುತ್ತ ಬಂದಳು. ಗಾಜು ಏರಿದಂತೆ ಪಟಪಟ ಸದ್ದು ಅಡಗುತ್ತ ಬಂತು. ಹೀಟರಿನ ಬಿಸಿ ಕೋಣೆಯಲ್ಲಿ ನಿಲ್ಲತೊಡಗಿತು. ಒಬ್ಬ ತಾಯಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿಟ್ಟಳು. ಇನ್ನು ಒಂದೇ ಕಿಟಕಿ ಉಳಿಯಿತು, ನನ್ನ ಮಗಳ ಮಂಚದ ಮೇಲಿನದು. ತನ್ನವರದನ್ನು ಕೊನೆಗೆ ಇಟ್ಟುಕೊಂಡಿದ್ದಳು, ಅವಳ ಬುದ್ಧಿಯೇ ಹಾಗೆ.

ಆ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ನೆಂಟರು ಬಂದರು.

ಸಭಾಂಗಣದ ಕೆಲಸ ಬೇಗ ಮುಗಿದಿತ್ತಂತೆ. ಬೋಳು ಕಿಟಕಿಗಳ ಮುಂದೆ, ಕಸದ ಗುಡ್ಡೆಯ ಚೂರುಗಳ ಮೇಲೆ ನಿಂತು ಪಕ್ಕದ ದೇಶವನ್ನು ಅತ್ಯಂತ ಕಠಿಣ ಶಬ್ದಗಳಲ್ಲಿ ಖಂಡಿಸಿ, ಗಾಳಿ ತಡೆಯಲಾರದೆ ಅರ್ಧಕ್ಕೇ ಹೊರಟಿದ್ದರು. ಆಮೇಲೆ ಮಕ್ಕಳ ವಾರ್ಡು ನೋಡುವುದೆಂದು ಗೊತ್ತುಮಾಡಿದ್ದರು. ದಪ್ಪ ಕೋಟುಗಳು, ಕ್ಯಾಮೆರಾಗಳು, ಕಿವಿಯಲ್ಲಿ ತಂತಿ ಸಿಕ್ಕಿಸಿಕೊಂಡ ಅಂಗರಕ್ಷಕರು. ಎಲ್ಲರಿಗಿಂತ ಮುಂದೆ ಅವರ ನಾಯಕ. ನರೆಗೂದಲು, ಒಳ್ಳೆಯ ಮುಖ. ಸುಳ್ಳು ಹೇಳಬಾರದು, ಮಕ್ಕಳನ್ನು ನೋಡಿ ಆ ಮನುಷ್ಯನ ಕಣ್ಣು ತುಂಬಿತು. ನನ್ನ ಮೊಮ್ಮಗಳ ಮುಂದೆ ಬಗ್ಗಿ ಏನೋ ಮೆಲ್ಲಗೆ ಹೇಳಿದ. ಆಮೇಲೆ ಏಣಿಯ ಮೇಲಿದ್ದ ಅಕ್ಕನನ್ನು ನೋಡಿ, ಜಗತ್ತು ನಿಮಗಾಗಿ ಏನು ಮಾಡಬೇಕು ಎಂದು ದುಭಾಷಿಯ ಮೂಲಕ ಕೇಳಿದ. ಕ್ಯಾಮೆರಾಗಳೆಲ್ಲ ಅಕ್ಕನ ಕಡೆ ತಿರುಗಿದವು.

ಅಕ್ಕ ಗೋಡೆಗೆ ಒರಗಿಸಿದ್ದ ಕೊನೆಯ ಗಾಜನ್ನು ತೋರಿಸಿದಳು.

"ಅದನ್ನ ಎತ್ತಿ ಕೊಡಿ. ನಾನು ಮೊಳೆ ಹೊಡೆಯೋವರೆಗೂ ಕೆಳಗಿಂದ ಹಿಡ್ಕೊಂಡಿರಿ. ಬಿಡಬೇಡಿ, ಅಷ್ಟು ಸಾಕು."

ನಾನು ಏಣಿ ಹಿಡಿದಿದ್ದೆ, ಅವಳಿಗೆ ನಿಜಕ್ಕೂ ಇನ್ನೊಂದು ಜೊತೆ ಕೈ ಬೇಕಿತ್ತು. ನಾಯಕನಿಗೆ ಆ ಮಾತು ಬಹಳ ಹಿಡಿಸಿತು. ಕೋಟು ಬಿಚ್ಚಿ ಪಕ್ಕದವನ ಕೈಗೆ ಕೊಟ್ಟ, ತೋಳು ಮಡಚಿದ, ಗಾಜನ್ನು ಎತ್ತಿ ಹಿಡಿದ. ಚೆನ್ನಾಗಿಯೇ ಹಿಡಿದ. ಕ್ಯಾಮೆರಾಗಳು ಚಕಚಕ ಅಂದವು. ಅಕ್ಕ ಮೇಲಿನ ಅಂಚನ್ನು ಚೌಕಟ್ಟಿಗೆ ತಾಗಿಸಿ, ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ತೆಗೆದು ಸುತ್ತಿಗೆ ಎತ್ತಿದಳು.

ಆಗ ನದಿಯ ಹತ್ತಿರ ಶೆಲ್ ಬಿತ್ತು. ನಮ್ಮ ಲೆಕ್ಕದಲ್ಲಿ ಅದು ದೂರವೇ. ಕಟ್ಟಡ ಒಂದು ಸಲ ಅದುರಿತು, ಅಷ್ಟೇ. ನಾಯಕ ಕೈ ಬಿಟ್ಟ.

ಗಾಜು ನನ್ನ ಮಗಳ ಮಂಚದ ಕಾಲಿನ ಬಳಿ ಬಿದ್ದು ಪುಡಿಪುಡಿಯಾಯಿತು. ಅವಳು ಮಗುವಿನ ಮೇಲೆ ಬಗ್ಗಿ ಉಂಡೆಯಾಗಿ ಕೂತಿದ್ದಳು, ಇಬ್ಬರಿಗೂ ತಾಗಲಿಲ್ಲ. ಅಂಗರಕ್ಷಕರು ನಾಯಕನನ್ನು ಎರಡೂ ಕಡೆ ಹಿಡಿದು ಮೆಟ್ಟಿಲಿಗೆ ಎಳೆದರು. ಕ್ಷಣದಲ್ಲಿ ವಾರ್ಡು ಖಾಲಿ. ಮೆಟ್ಟಿಲ ಅರ್ಧದಿಂದ ಅವನು ಏನೋ ಕೂಗಿದ, ಕ್ಷಮಿಸಿ ಅಂತಿದ್ದಾರೆ ಎಂದು ದುಭಾಷಿ ಹುಡುಗಿ ಓಡುತ್ತಲೇ ಹೇಳಿದಳು. ಕಾರುಗಳು ಒಂದರ ಹಿಂದೆ ಒಂದು ಹೊರಟವು. ಅಧ್ಯಕ್ಷರು ಕಾರುಗಳ ಹಿಂದೆ ಸ್ವಲ್ಪ ದೂರ ಓಡಿ ನಿಂತದ್ದು ನಮ್ಮ ಹೊಸ ಗಾಜುಗಳಿಂದ ಚೆನ್ನಾಗಿ ಕಾಣಿಸಿತು.

ಹೆದರಿದ್ದಕ್ಕೆ ನನಗೆ ಅವನ ಮೇಲೆ ಸಿಟ್ಟಿಲ್ಲ. ನಾವೂ ಹೆದರಿದೆವು, ದಿನಾ ಹೆದರುತ್ತೇವೆ. ಆದರೆ ಆ ವಾರ್ಡಿನ ತುಂಬ ತಾಯಂದಿರಿದ್ದರು, ಹಸಿ ಬಾಣಂತಿಯರು, ನೆಟ್ಟಗೆ ನಿಲ್ಲಲಾಗದವರು. ಅವರಲ್ಲಿ ಒಬ್ಬಳೂ ತನ್ನ ಕೈಯಲ್ಲಿದ್ದದ್ದನ್ನು ಬಿಡಲಿಲ್ಲ. ಇದನ್ನು ಅವನ ಮುಖಕ್ಕೆ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಹೇಳಿದರೆ ಅವನು ಅದನ್ನೂ ಒಪ್ಪಿ, ಕಣ್ಣು ಒರೆಸಿಕೊಂಡು, ಇನ್ನೊಂದು ಸಲ ಖಂಡಿಸುತ್ತಿದ್ದ.

ಅಕ್ಕ ಏಣಿ ಇಳಿದು ಚೂರುಗಳನ್ನು ಗುಡಿಸಿದಳು. ಹರಿದು ಹಾಕಿದ್ದ ಪ್ಲಾಸ್ಟಿಕ್ಕನ್ನು ಮತ್ತೆ ಮೊಳೆ ಹೊಡೆದರೆ ಅದು ನಿಲ್ಲಲಿಲ್ಲ, ಗಾಳಿಯೆಲ್ಲ ಈಗ ಆ ಒಂದೇ ಕಿಟಕಿಗೆ ಬಂದಿತ್ತು. ಮಂಚ ಸರಿಸಲು ಜಾಗವಿರಲಿಲ್ಲ. ಅವಳು ಕಂಬಳಿ ಹೊದ್ದು, ಕಿಟಕಿಯ ಕಟ್ಟೆಗೆ ಬೆನ್ನು ಕೊಟ್ಟು ಕೂತಳು. ಅವಳದು ಅಗಲವಾದ ಬೆನ್ನು. ನಾನು ಬದಲಾಗುತ್ತೇನೆ ಎಂದರೂ ಎದ್ದೇಳಲಿಲ್ಲ, ನಿನ್ನ ಬೆನ್ನಿಗೆ ಅರ್ಧ ಕಿಟಕಿಯೂ ಮುಚ್ಚಲ್ಲ ಎಂದು ನನ್ನನ್ನೇ ರೇಗಿಸಿದಳು. ಹಾಗೆ ಕೂತೇ ಮಗುವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಮೂಗು ಭಾವನ ಹಾಗಿದೆ ಎಂದಳು. ಭಾವನ ರಕ್ತ ನಮ್ಮ ಮಗುವಿಗೆ ಎಲ್ಲಿಂದ ಬರಬೇಕು, ನಾನು ತಿದ್ದಲಿಲ್ಲ.

ಬೆಳಗಾದ ಮೇಲೆ ಅವಳು ಮನೆಗೆ ಹೋಗಿ ತನ್ನ ಅಡುಗೆಮನೆಯ ಕಿಟಕಿಯ ಗಾಜನ್ನು ಬಿಚ್ಚಿದಳು. ಅವಳ ಮನೆಯಲ್ಲಿ ಉಳಿದಿದ್ದ ದೊಡ್ಡ ಗಾಜು ಅದೊಂದೇ. ಮಾವ ಕೂರಿಸಿದ್ದು, ಪುಟ್ಟಿ ಕಲ್ಲಾಗಿತ್ತು, ಉಳಿಯಿಂದ ಕೆತ್ತಿ ಕೆತ್ತಿ ತೆಗೆಯಬೇಕಾಯಿತು. ಅದನ್ನು ವಾರ್ಡಿನ ಅಳತೆಗೆ ಕೊಯ್ದು ತಂದಳು. ಅಡುಗೆಮನೆಗೆ ಹಲಗೆ ಹೊಡೆದಳು, ಇವತ್ತಿಗೂ ಹಗಲಲ್ಲೂ ದೀಪ ಹಚ್ಚಿಕೊಂಡೇ ಬೇಯಿಸುತ್ತಾಳೆ.

ನಾವು ಏಣಿ ಇಡುತ್ತಿರುವಾಗ ನರ್ಸು ಆ ದಿನದ ಪೇಪರ್ ತಂದಳು. ಮೊದಲ ಪುಟದಲ್ಲೇ ನಾಯಕ. ತೋಳು ಮಡಚಿ, ಗಾಜನ್ನು ಎತ್ತಿ ಹಿಡಿದು ನಿಂತಿದ್ದಾನೆ, ಮೇಲೆ ಅಕ್ಕನ ಕೈಯೂ ಸುತ್ತಿಗೆಯೂ ಮಾತ್ರ ಕಾಣುತ್ತವೆ. ನೊಂದ ಊರನ್ನು ಎತ್ತಿ ಹಿಡಿದ ಕೈ ಎಂದು ದಪ್ಪ ಅಕ್ಷರ. ಅಕ್ಕ ಪೂರ್ತಿ ಓದು ಎಂದಳು. ಓದಿದೆ. ಆಕ್ರಮಣವನ್ನು ಖಂಡಿಸಿದ್ದು, ಆಸ್ಪತ್ರೆಯ ಭೇಟಿಯ ಹೊತ್ತಿನಲ್ಲಿ ನಡೆದ ಶೆಲ್ ದಾಳಿಯನ್ನು ಕಾರಿನಿಂದಲೇ ಮತ್ತೊಮ್ಮೆ ಖಂಡಿಸಿದ್ದು, ನಮ್ಮ ಧೈರ್ಯವನ್ನು ಹೊಗಳಿದ್ದು, ಎಲ್ಲವೂ ಇತ್ತು.

"ಬಿಟ್ಟಿದ್ದು ಬರೆದಿದ್ದಾರಾ?" ಎಂದಳು ಅಕ್ಕ.

ಎಲ್ಲ ಪುಟ ತಿರುಗಿಸಿ ನೋಡಿದೆ. ಇಲ್ಲ ಎಂದೆ.

"ಸರಿ, ಪೇಪರ್ ಕೆಳಗಿಡು. ಗಾಜು ಎತ್ತು."

ನನ್ನ ಮಗಳು ಮಗುವನ್ನು ಎದೆಗೆ ಕಟ್ಟಿಕೊಂಡೇ ಎದ್ದು ಬಂದು ಏಣಿ ಹಿಡಿದಳು. ನಾನು ಗಾಜನ್ನು ಎತ್ತಿ ಚೌಕಟ್ಟಿಗೆ ಒತ್ತಿ ಹಿಡಿದೆ. ಅಕ್ಕ ಮೊದಲ ಮೊಳೆ ಇಟ್ಟಳು. ಆಚೆ ದಡದಲ್ಲಿ ಸದ್ದಾಯಿತು, ಕಟ್ಟಡ ಅದುರಿತು, ಗಾಜು ನನ್ನ ಅಂಗೈಯಲ್ಲಿ ಗಡಗಡ ನಡುಗಿತು. ಅವಳು ಕೊನೆಯ ಮೊಳೆ ಹೊಡೆದು ಮುಗಿಸುವವರೆಗೂ ನಾನು ಬಿಡಲಿಲ್ಲ.